ಬ್ಯಾಂಡ್ ಮಾಸ್ಟರರ ಪ್ಯಾಂಟೂ ನನ್ನ ಮ್ಯಾಕ್ರೋವೂ

ಮಾನ್ಯ ಓದುಗರ ಸನ್ನಿಧಿಗೆ,

ರಾಯದುರ್ಗದ ನಿವಾಸಿಯೂ, ಹುಟ್ಟಿನಿಂದ ಮಡಕಶಿರಾ ಕಡೆಯವನೂ, ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಪತ್ರಗಳನ್ನು ಸಿದ್ಧಪಡಿಸುವ ಗುಮಾಸ್ತನೂ ಆದ ನಾನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸ್ಪ್ರೆಡ್‌ಶೀಟಿನಲ್ಲಿ ಮ್ಯಾಕ್ರೋ ಬರೆಯಬಲ್ಲವರು ನಮ್ಮ ಓಣಿಯಲ್ಲಿ ನಾನೊಬ್ಬನೇ. ಇದು ಆತ್ಮಪ್ರಶಂಸೆಯಲ್ಲ. ಓಣಿಯ ಉಳಿದವರಿಗೆ ಅದರ ಅಗತ್ಯ ಬಿದ್ದಿಲ್ಲ.

ಮ್ಯಾಕ್ರೋ ಎಂದರೆ ಏನೆಂದು ತಿಳಿಯದವರಿಗಾಗಿ ಒಂದು ಮಾತು. ಮತ್ತೆ ಮತ್ತೆ ಮಾಡಬೇಕಾದ ಕೆಲಸವನ್ನು ಒಮ್ಮೆ ಬರೆದಿಟ್ಟು, ಗುಂಡಿ ಒತ್ತಿದೊಡನೆ ಕಂಪ್ಯೂಟರು ಅದನ್ನು ಚಾಚೂ ತಪ್ಪದೆ ಪಾಲಿಸುವಂತೆ ಹೊರಡಿಸಿದ ಶಾಶ್ವತ ಆದೇಶವೇ ಮ್ಯಾಕ್ರೋ. ಕಚೇರಿಯಲ್ಲಿ ಇಷ್ಟು ವರ್ಷ ನಾನು ಸಿದ್ಧಪಡಿಸಿದ ಆದೇಶಗಳಲ್ಲಿ ಯಾವುದನ್ನೂ ಯಾರೂ ಚಾಚೂ ತಪ್ಪದೆ ಪಾಲಿಸಿದ್ದಿಲ್ಲ. ಆದ್ದರಿಂದ ಈ ವಿದ್ಯೆಯ ಮೇಲೆ ನನಗೆ ಉಂಟಾದ ಪ್ರೀತಿಯನ್ನು ತಾವು ಅರ್ಥ ಮಾಡಿಕೊಳ್ಳಬಹುದು.

ಈಗ ಕುಟುಂಬದ ವಿವರ. ನನ್ನ ಪತ್ನಿ ಗಿರಿಜಾ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೊಲಿಗೆ ಯಂತ್ರಗಳನ್ನಿಟ್ಟು ಜೀನ್ಸ್ ಪ್ಯಾಂಟುಗಳ ಜಾಬ್ ವರ್ಕ್ ಮಾಡಿಸುತ್ತಾಳೆ. ಬೇರೆಯವರು ಕತ್ತರಿಸಿ ಕಳಿಸಿದ ಬಟ್ಟೆಯನ್ನು ಹೊಲಿದು, ಬೇರೆಯವರ ಹೆಸರಿನ ಲೇಬಲ್ ಹಚ್ಚಿ, ಬೇರೆಯವರ ಅಂಗಡಿಗೆ ಕಳಿಸುವ ಕೆಲಸವದು. ಅವಳ ತಂದೆ ರುದ್ರಪ್ಪನವರು ಕತ್ತರಿ ಹಿಡಿದರೆ ಬಟ್ಟೆ ತಾನಾಗಿಯೇ ಪ್ಯಾಂಟಾಗುತ್ತದೆ ಎಂದು ಊರಿನಲ್ಲಿ ಹೆಸರಿದೆ. ಆ ಮನೆತನದಲ್ಲಿ ತೊಟ್ಟಿಲ ಕೂಸು ಸಹ ಸೂಜಿಗೆ ದಾರ ಪೋಣಿಸುತ್ತದೆ. ನಾನು ಆ ಮನೆತನದ ಏಕೈಕ ಅಳಿಯ. ನನಗೆ ಅಂಗಿಯ ಗುಂಡಿ ಹಚ್ಚಲು ಬರುವುದಿಲ್ಲ!

ಇಂತಿರುವಲ್ಲಿ ಮಡಕಶಿರಾದಿಂದ ನನ್ನ ಬಾಲ್ಯದ ಸಹಪಾಠಿ, ಮದುವೆ ಬ್ಯಾಂಡಿನ ಮಾಸ್ಟರ್ ನಾಗರಾಜನು ಫೋನ್ ಮಾಡಿದನು. ತನ್ನ ಬ್ಯಾಂಡಿಗೆ ಹೊಸ ಯೂನಿಫಾರಂ ಬೇಕು, ಕೋಟುಗಳನ್ನು ಸಿದ್ಧವಾಗಿಯೇ ಕೊಂಡಿದ್ದೇನೆ, ಪ್ಯಾಂಟುಗಳನ್ನು ಹೊಲಿಸಿಕೊಡಬೇಕು, ಕಡುಗೆಂಪು ಬಟ್ಟೆ, ಪಕ್ಕದಲ್ಲಿ ಬಂಗಾರದ ಬಣ್ಣದ ಪಟ್ಟಿ, ಲಗ್ನದ ದಿನಗಳು ಶುರುವಾದೊಡನೆ ಬರುವ ಮೊದಲ ಮದುವೆಗೇ ತೊಡಬೇಕು ಎಂದನು.

"ನಿನ್ನ ನಂಬ್ಕಂಡೈದೀನಿ ಕಣಪ್ಪ," ಎಂದನು ನಾಗರಾಜ. "ಈ ಮದ್ವೆಗೆ ಸುತ್ತಾ ಊರಿನ ಬ್ಯಾಂಡ್ ಸೆಟ್ಟಿನೋರೆಲ್ಲ ನೋಡಾಕೆ ಬತ್ತಾರೆ. ಚೆಂದಾಗಿದ್ರೆ ಅವ್ರೂ ನಿಮ್ತಾವೇ ಹೊಲಿಸ್ತಾರೆ. ಕೆಟ್ರೆ ನಾನೂ ಕೆಟ್ಟೆ, ನೀನೂ ಕೆಟ್ಟೆ."

ಗಿರಿಜಾ ಆ ದಿನವೇ ಅಂಗಡಿಗೆ ಹೋಗಿ ತನ್ನ ಹೆಸರಿನ ಲೇಬಲ್‌ಗಳನ್ನು ನೇಯಿಸಲು ಹೇಳಿ ಬಂದಳು. ಬಿಳಿ ಪಟ್ಟಿಯ ಮೇಲೆ ಕೆಂಪು ಅಕ್ಷರ. ಅವು ಬಂದಾಗ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಒಂದೊಂದೇ ಅಕ್ಷರವನ್ನು ಸವರಿದಳು. ಬೇರೆಯವರ ಹೆಸರು ಹೊಲಿದೂ ಹೊಲಿದೂ ಸಾಕಾಗಿದ್ದವಳಿಗೆ ಅದು ಮೊದಲ ಸ್ವಂತ ಆರ್ಡರ್. ಈ ಸಂಗತಿಯನ್ನು ತಾವು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಅಳತೆಗೆ ಮಾವನವರೇ ಮಡಕಶಿರಾಕ್ಕೆ ಹೋಗಿ ಬಂದರು. ಅವರು ಅಳತೆಯನ್ನು ಬರೆದುಕೊಳ್ಳುವವರಲ್ಲ. ಯಾವ ಸೈಜಿನವರು ಎಷ್ಟು ಜನರೆಂಬುದೆಲ್ಲ ಅವರ ತಲೆಯಲ್ಲಿ ಭದ್ರವಾಗಿರುತ್ತದೆ. ಆ ತಲೆಯಿಂದ ಕಟಿಂಗ್ ಟೇಬಲ್ಲಿಗೆ ಮಾಹಿತಿಯು ಕೂಗಿನ ಮೂಲಕ ರವಾನೆಯಾಗುವುದು ಆ ಮನೆಯ ಪದ್ಧತಿ. ಅವರು ಕೂಗುತ್ತಾರೆ, ಗಿರಿಜಾ ಕತ್ತರಿಸುತ್ತಾಳೆ. ಇಷ್ಟು ದೊಡ್ಡ ಆರ್ಡರನ್ನು ಇಂತಹ ಅನೌಪಚಾರಿಕ ರೀತಿಯಲ್ಲಿ ನಡೆಸುವುದು ಉಚಿತವಲ್ಲವೆಂದು ನನಗೆ ಕಂಡುಬಂದಿತು.

"ಮಾವ, ಇನ್ಮೇಲೆ ಕೂಗಂಗಿಲ್ಲ," ಎಂದೆ. "ಕಂಪ್ಯೂಟರು ಒಂದೊಂದೇ ಸೈಜು ಕೇಳ್ತದೆ. ನೀವು ಎಷ್ಟು ಪೀಸು ಅಂತ ಟೈಪ್ ಮಾಡ್ಬೇಕು. ಕೊನೆಗೆ ಕಟಿಂಗ್ ಚೀಟಿ ತಾನೇ ಬತ್ತದೆ."

"ಅದು ನನ್ನ ಕೇಳತೈತೇನ್ರಿ ಅಳಿಯಂದ್ರ?" ಎಂದರು ಮಾವನವರು, ಮೀಸೆ ನೀವಿಕೊಳ್ಳುತ್ತಾ. "ಕೇಳ್ಲಿ ಬಿಡ್ರಿ. ಕೇಳೋರಿಗೆ ಹೇಳಾಕ ನಾನೇನು ಹಿಂದ್ಮುಂದ ನೋಡಾಂವಲ್ಲ."

ಹೀಗೆ ಕೇಳುವ ಕೆಲಸಕ್ಕೆ ಮ್ಯಾಕ್ರೋದಲ್ಲಿ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಪರದೆಯ ನಡುವೆ ಅದು ತೆರೆದುಕೊಂಡು ಪ್ರಶ್ನೆ ಕೇಳುತ್ತದೆ. ಅದರ ಕೆಳಗಿನ ಖಾಲಿ ಜಾಗದಲ್ಲಿ ನಾವು ಉತ್ತರ ಟೈಪ್ ಮಾಡಬೇಕು. ನಾನು ಸದರಿ ಪೆಟ್ಟಿಗೆಗೆ ಶುದ್ಧ ಕನ್ನಡದಲ್ಲಿ ಒಂದು ಪ್ರಶ್ನೆಯನ್ನು ರಚಿಸಿದೆನು: "ಮಾನ್ಯರೇ, ಈ ಅಳತೆಯ ಷರಾಯಿಗಳು ಎಷ್ಟು ಬೇಕಾಗಿರುತ್ತವೆ ಎಂಬುದನ್ನು ದಯವಿಟ್ಟು ನಮೂದಿಸುವುದು."

ಮಾವನವರನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮನೆಯ ಕಮಲಕ್ಕನನ್ನೂ ಸಾಕ್ಷಿಯಾಗಿ ಕರೆದು, ಗುಂಡಿ ಒತ್ತಿದೆನು. ಪೆಟ್ಟಿಗೆ ತೆರೆಯಿತು. ಅದರೊಳಗೆ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು!

ಮಾವನವರು ಕನ್ನಡಕ ಸರಿಪಡಿಸಿಕೊಂಡರು. "ಭಾಳ ಪ್ರಶ್ನೆ ಐತಿ ಇದಕ್ಕ. ಆದ್ರ ಏನು ಅಂತ ಬಾಯಿ ಬಿಡವಲ್ದು."

"ನಮ್ಮ ಮನ್ಯಾಗ ಸೊಸಿನೂ ಹಿಂಗ ನೋಡತಾಳ," ಎಂದಳು ಕಮಲಕ್ಕ.

ಮ್ಯಾಕ್ರೋ ಬರೆಯುವ ಜಾಗಕ್ಕೆ ಕನ್ನಡ ಲಿಪಿ ಒಗ್ಗುವುದಿಲ್ಲವೆಂದು ನನಗೆ ಅಂದು ತಿಳಿಯಿತು. ಕೂಡಲೇ ಪ್ರಶ್ನೆಯನ್ನು, ನಾವೆಲ್ಲ ಫೋನಿನಲ್ಲಿ ಸಂದೇಶ ಕಳಿಸುವ ರೀತಿಯಲ್ಲಿ, ಇಂಗ್ಲಿಷ್ ಅಕ್ಷರಗಳ ಕನ್ನಡಕ್ಕೆ ಇಳಿಸಿದೆನು. "ಮಾನ್ಯರೇ" ಮಾತ್ರ ಬಿಡಲಿಲ್ಲ. ಮಾವನವರಿಗೆ ಅದು ಹಿಡಿಸಿತು. ಮರುದಿನ ಮತ್ತೆ ಕುಳಿತರು. ಪರೀಕ್ಷೆಗಾಗಿ ನಾಲ್ಕು, ಐದು, ಮೂರು ಎಂದು ಟೈಪ್ ಮಾಡಿಸಿದೆನು. ಎಲ್ಲ ಸರಿಯಾಗಿ ನಡೆಯಿತು. ಪ್ರಿಂಟರು ಗುರುಗುಟ್ಟುತ್ತಾ ಚೀಟಿಯನ್ನು ಹೊರಹಾಕಿತು. ಅದರ ಕೆಳಗಡೆ ದಪ್ಪಕ್ಷರಗಳಲ್ಲಿ: ಒಟ್ಟು ಪೀಸು 453.

ಗಿರಿಜಾ ಚೀಟಿಯನ್ನು ನೋಡಿದಳು. ನನ್ನನ್ನು ನೋಡಿದಳು. "ಅಲ್ರೀ, ನಿಮ್ಮ ಗೆಳೆಯಾರು ಬ್ಯಾಂಡ್ ಕಟ್ಟ್ಯಾರೋ, ದಂಡು ಕಟ್ಟ್ಯಾರೋ?"

ಇದರ ಕಾರಣವನ್ನು ಸಂಶೋಧಿಸಲು ನಾನು ಒಂದು ಇಡೀ ಭಾನುವಾರವನ್ನು ವಿನಿಯೋಗಿಸಿದೆನು. ಕಂಡುಬಂದ ಅಂಶವಿಷ್ಟು: ಆ ಪೆಟ್ಟಿಗೆಯಲ್ಲಿ ನಾವು ಏನೇ ಟೈಪ್ ಮಾಡಿದರೂ ಯಂತ್ರವು ಅದನ್ನು ಸಂಖ್ಯೆಯೆಂದು ಪರಿಗಣಿಸುವುದಿಲ್ಲ, ಅಕ್ಷರವೆಂದೇ ಸ್ವೀಕರಿಸುತ್ತದೆ. ಅಕ್ಷರಗಳನ್ನು ಕೂಡಿಸು ಎಂದರೆ ಅದು ಒಂದರ ಪಕ್ಕದಲ್ಲೊಂದನ್ನು ಅಂಟಿಸುತ್ತದೆ. ನಾಲ್ಕರ ಪಕ್ಕ ಐದು, ಐದರ ಪಕ್ಕ ಮೂರು. ಯಂತ್ರದ ದೃಷ್ಟಿಯಲ್ಲಿ ಲೆಕ್ಕ ಸರಿಯಾಗಿಯೇ ಇತ್ತು!

ಇದಕ್ಕೆ ಮದ್ದನ್ನೂ ನಾನೇ ಪತ್ತೆ ಹಚ್ಚಿದೆನು. ವ್ಯಾಲ್ ಎಂಬ ಒಂದು ಪುಟ್ಟ ಸೂಚನೆಯಿದೆ. ಟೈಪ್ ಮಾಡಿದ ಬರಹವನ್ನು ಅದು ಎಡದಿಂದ ಓದುತ್ತಾ ಹೋಗಿ, ಅಂಕಿಗಳನ್ನು ಆರಿಸಿ ನಿಜವಾದ ಸಂಖ್ಯೆಯನ್ನಾಗಿ ಮಾಡುತ್ತದೆ. ತನಗೆ ಅರ್ಥವಾಗದ್ದು ಎದುರಾದರೆ ಅಲ್ಲಿಗೇ ನಿಂತುಬಿಡುತ್ತದೆ. ಯಾವುದೂ ಅರ್ಥವಾಗದಿದ್ದರೆ ಸೊನ್ನೆ ಎನ್ನುತ್ತದೆ. ತಕರಾರಿಲ್ಲ, ಗದ್ದಲವಿಲ್ಲ. ಎಂತಹ ಸೌಜನ್ಯವೆಂದು ನಾನು ಅಂದು ಮೆಚ್ಚಿಕೊಂಡೆನು.

ಇಷ್ಟಕ್ಕೇ ನಿಲ್ಲಿಸದೆ ಕಟ್ಟುನಿಟ್ಟಿನ ಒಂದು ನಿಯಮವನ್ನೂ ಸೇರಿಸಿದೆನು. ಪೆಟ್ಟಿಗೆಯಲ್ಲಿ ಅಂಕಿಯಲ್ಲದೆ ಬೇರೇನಾದರೂ ಬರೆದರೆ, ಅಥವಾ ಖಾಲಿ ಬಿಟ್ಟರೆ, "ಮಾನ್ಯರೇ, ತಮ್ಮ ಉತ್ತರವು ಸ್ವೀಕಾರಾರ್ಹವಲ್ಲ, ಮರುಪರಿಶೀಲಿಸುವುದು" ಎಂದು ಹೇಳಿ ಪೆಟ್ಟಿಗೆ ಮತ್ತೆ ತೆರೆಯಬೇಕು. ಸರಿಯಾದ ಉತ್ತರ ಬರುವವರೆಗೆ ಬಿಡಬಾರದು.

ಮಾವನವರು ಮೂರನೆಯ ಸಲ ಕುಳಿತರು. ಅದೇ ವೇಳೆಗೆ ಅವರ ಫೋನು ರಿಂಗಾಯಿತು. ಅವರು "ಒಂದು ನಿಮಿಷ ತಡೀರಿ" ಎಂದು ಕಂಪ್ಯೂಟರಿಗೆ ಹೇಳಿ, ಪೆಟ್ಟಿಗೆಯ ಕ್ಯಾನ್ಸಲ್ ಗುಂಡಿ ಒತ್ತಿದರು. ಪೆಟ್ಟಿಗೆ ಮುಚ್ಚಿ ಮತ್ತೆ ತೆರೆಯಿತು. ಮತ್ತೆ ಒತ್ತಿದರು. ಮತ್ತೆ ತೆರೆಯಿತು. ಫೋನಿನಲ್ಲಿ ಮಾತಾಡುತ್ತಲೇ ಒತ್ತಿದರು. ಅದು ಸ್ವೀಕಾರಾರ್ಹವಲ್ಲ ಎಂದಿತು. ಕೊನೆಗೆ ಫೋನನ್ನು ಕೆಳಗಿಟ್ಟು, ಅತ್ಯಂತ ತಾಳ್ಮೆಯಿಂದ, ಒಂದೊಂದೇ ಅಕ್ಷರ ಹುಡುಕಿ ಪೆಟ್ಟಿಗೆಯೊಳಗೆ "ಆಮ್ಯಾಲ ಹೇಳತೀನಿ" ಎಂದು ಟೈಪ್ ಮಾಡಿದರು. ಅದೂ ಸ್ವೀಕಾರಾರ್ಹವಾಗಲಿಲ್ಲ!

"ಅಳಿಯಂದ್ರ, ಇದು ಮನಷ್ಯಾನ ಬಿಡೋ ಪೈಕಿ ಅಲ್ಲ!" ಎಂದು ಕೂಗಿದರು.

ನಾನು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆನು. ಪೆಟ್ಟಿಗೆ ಜಗ್ಗಲಿಲ್ಲ. ಕಡೆಗೆ ಗಿರಿಜಾ ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ ಆರಿಸಿದಳು. ಶೆಡ್ಡಿನಲ್ಲಿ ಹೊಲಿಯುತ್ತಿದ್ದ ಯಂತ್ರಗಳೆಲ್ಲ ಒಮ್ಮೆಲೇ ನಿಂತವು. ಹೊಲಿಗೆಯ ಕೆಲಸದ ಹೆಣ್ಣುಮಕ್ಕಳು ತಲೆಯೆತ್ತಿ ನೋಡಿದರು. "ಏನೂ ಇಲ್ಲವ್ವ," ಎಂದಳು ಗಿರಿಜಾ. "ನಮ್ಮ ಮನಿಯೋರು ಕೆಲಸ ಹಗುರ ಮಾಡ್ಲಿಕ್ಕತ್ಯಾರ."

ಈ ಅವಮಾನದ ತರುವಾಯ ನಾನು ಸದರಿ ಕಟ್ಟುನಿಟ್ಟಿನ ನಿಯಮವನ್ನು ಸಂಪೂರ್ಣವಾಗಿ ರದ್ದುಪಡಿಸಿದೆನು. ಹಿರಿಯರು ಏನು ಬರೆದರೂ ಯಂತ್ರವು ಗೌರವದಿಂದ ಸ್ವೀಕರಿಸತಕ್ಕದ್ದು. ವ್ಯಾಲ್ ಅದನ್ನು ಸಂಖ್ಯೆಯನ್ನಾಗಿ ಮಾಡಿಕೊಳ್ಳತಕ್ಕದ್ದು. ಸೊನ್ನೆ ಬಂದ ಸೈಜುಗಳನ್ನು ಚೀಟಿಯಲ್ಲಿ ಮುದ್ರಿಸದೆ ಕಾಗದ ಉಳಿಸತಕ್ಕದ್ದು. ಮೂರು ಆದೇಶಗಳೂ ಒಂದೇ ಸಂಜೆ ಜಾರಿಯಾದವು. ಅಂತಹ ಚುರುಕುತನವನ್ನು ನಾನು ಕಚೇರಿಯಲ್ಲಿ ಎಂದೂ ತೋರಿದ್ದಿಲ್ಲ.

ನಾಲ್ಕನೆಯ ಸಲ ಮಾವನವರು ಒಬ್ಬರೇ ಕುಳಿತರು. "ನೀವು ಹಿಂದ ನಿಂತ್ರ ನನಗ ಅಂಕಿ ಸಿಗಂಗಿಲ್ಲ, ಹೊರಗ ಹೋಗ್ರಿ," ಎಂದು ನನ್ನನ್ನು ಬಾಗಿಲಾಚೆ ಕಳಿಸಿದರು. ಸ್ವಲ್ಪ ಹೊತ್ತಿನಲ್ಲಿ ಪ್ರಿಂಟರಿನ ಸದ್ದು ಕೇಳಿಸಿತು. ಚೀಟಿ ಬಂದಿತ್ತು! ಸೈಜುಗಳು ಸಾಲಾಗಿ, ಪೀಸುಗಳು ಸಾಲಾಗಿ, ಕೆಳಗೆ ಒಟ್ಟು ಹದಿನೆಂಟು. ಮಾವನವರು ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು. ಮದುವೆಯಾದ ಮೇಲೆ ಮೊದಲ ಸಲ!

"ಸೂಜಿ ಹಿಡಿಯಾಕ ಬರಲಿಲ್ಲಂದ್ರೂ ಅಡ್ಡಿಯಿಲ್ಲ, ನೀವು ನಮ್ಮ ಮನಿಯಾಂವ ಆದ್ರಿ," ಎಂದರು. ಆ ಸಂತೋಷದಲ್ಲಿಯೇ ಗುಮ್ಮಘಟ್ಟದ ತಂಗಿಯ ಮನೆಗೆ ಹೊರಟು, ಆ ಮದುವೆಯ ದಿನದವರೆಗೂ ಅಲ್ಲಿಯೇ ಉಳಿದು, ಹೋದಲ್ಲೆಲ್ಲ ತಾವು ಕಂಪ್ಯೂಟರ್ ನಡೆಸಿದ ವಿಷಯವನ್ನು ಹೇಳಿಕೊಂಡರಂತೆ.

ಗಿರಿಜಾ ಮಾತ್ರ ಚೀಟಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಹದಿನೆಂಟು ಸರಿ ಅದಾವೇನ್ರಿ? ನಾಗರಾಜಣ್ಣಗ ಒಂದು ಮಾತು ಕೇಳ್ರಿ, ಎಷ್ಟು ಮಂದಿ ಅಂತ."

"ಗಿರಿಜಾ, ಇದು ಕಂಪ್ಯೂಟರ್ ಲೆಕ್ಕ ಕಣೇ."

"ಅದಕ್ಕ ಕೇಳ್ರಿ ಅನ್ನಾಕತ್ತೀನಿ."

ನಾನು ಅವಳ ಸಮಾಧಾನಕ್ಕಾಗಿ ಚೀಟಿಯಲ್ಲಿದ್ದ ಸಂಖ್ಯೆಗಳನ್ನೆಲ್ಲ ಕ್ಯಾಲ್ಕುಲೇಟರಿನಲ್ಲಿ ಕೂಡಿಸಿ ತೋರಿಸಿದೆನು. ಹದಿನೆಂಟು! ಕೆಳಗಿನಿಂದ ಮೇಲಕ್ಕೆ ಕೂಡಿಸಿದೆನು. ಆಗಲೂ ಹದಿನೆಂಟು! ಎರಡು ಸ್ವತಂತ್ರ ಯಂತ್ರಗಳು ಒಂದೇ ಉತ್ತರವನ್ನು ದೃಢೀಕರಿಸಿದ ಮೇಲೆ ಮೂರನೆಯವನಾಗಿ ಒಬ್ಬ ಬ್ಯಾಂಡ್ ಮಾಸ್ಟರನನ್ನು ಕೇಳುವುದು ಯಂತ್ರಗಳಿಗೆ ಮಾಡುವ ಅಪಚಾರವೆಂದು ವಿವರಿಸಿದೆನು. ಗಿರಿಜಾ ಕತ್ತರಿ ಕೈಗೆತ್ತಿಕೊಂಡಳು.

ಪ್ಯಾಂಟುಗಳು ಬಂದವು ನೋಡಿ! ಕಡುಗೆಂಪು ಬಣ್ಣ, ಇಸ್ತ್ರಿಯ ಗೆರೆ ಬ್ಲೇಡಿನಂತೆ, ಸೊಂಟದಿಂದ ಹಿಮ್ಮಡಿಯವರೆಗೆ ಒಂದು ನೂಲೂ ಸೊಟ್ಟಗಾಗದ ಬಂಗಾರದ ಪಟ್ಟಿ, ಹಿಂಭಾಗದಲ್ಲಿ ಗಿರಿಜಾಳ ಹೆಸರು. ಬಟ್ಟೆ ತುಸು ಮಿಕ್ಕಿದ್ದರಿಂದ ಮಾದರಿಗೆಂದು ನನ್ನ ಅಳತೆಗೂ ಒಂದನ್ನು ಹೊಲಿಸಿಕೊಂಡೆನು. ಮದುವೆಯ ದಿನ ಅದನ್ನೇ ತೊಟ್ಟು ಗಿರಿಜಾಳೊಡನೆ ಬಸ್ ನಿಲ್ದಾಣದಲ್ಲಿ ನಿಂತಾಗ ಇಬ್ಬರು ನನ್ನನ್ನು, ಯಾವ ಹೋಟೆಲಿನವರೆಂದು ವಿಚಾರಿಸಿದರು. ನಾನು ಅದನ್ನು ಅಭಿನಂದನೆಯೆಂದು ದಾಖಲಿಸಿಕೊಂಡೆನು.

ಮಡಕಶಿರಾದಲ್ಲಿ ಕಲ್ಯಾಣ ಮಂಟಪದ ಹಿಂದಿನ ಕೋಣೆಯಲ್ಲಿ ಬ್ಯಾಂಡಿನವರು ಸೇರಿದ್ದರು. ಗಂಡಿನ ಮೆರವಣಿಗೆ ಹೊರಡುವ ಸಮಯ ಹತ್ತಿರವಾಗಿತ್ತು. ಹೊರಗೆ ಬೇರೆ ಬ್ಯಾಂಡ್ ಸೆಟ್ಟುಗಳ ಮಾಸ್ಟರರು ಟೀ ಕುಡಿಯುತ್ತಾ, ಒಳಗೆ ಇಣುಕುತ್ತಾ ನಿಂತಿದ್ದರು. ನಾನು ಗಂಟನ್ನು ಬಿಚ್ಚಿ, ಒಂದು ಸಣ್ಣ ಭಾಷಣ ಮಾಡಿ, ಸೈಜು ಕೂಗುತ್ತಾ ಹಂಚತೊಡಗಿದೆನು. ಒಬ್ಬೊಬ್ಬರೂ ತೊಟ್ಟುಕೊಂಡು ಬಂದಾಗ ಗಿರಿಜಾಳ ಮುಖ ಅರಳುತ್ತಿತ್ತು. ಯಾರಿಗೂ ಬಿಗಿಯಿಲ್ಲ, ಯಾರಿಗೂ ಸಡಿಲವಿಲ್ಲ. ನನಗೆ ಎದೆ ಹಿಗ್ಗಿ ಅಂಗಿಯ ಗುಂಡಿ ಹಾರುವಂತಾಯಿತು.

ಗಂಟು ಖಾಲಿಯಾಯಿತು. ಮೂವರು ಇನ್ನೂ ಕೈ ಚಾಚಿ ನಿಂತಿದ್ದರು.

ಮೊದಲನೆಯವನು ದೊಡ್ಡ ಡ್ರಮ್ಮು ಬಾರಿಸುವ ಓಬಳೇಶ, ಕಡ್ಡಿಯಂತಹ ಆಳು. ಎರಡನೆಯವನು ತುತ್ತೂರಿಯವರ ಸಾಲಿನ ಸಾಧಾರಣ ಮೈಕಟ್ಟಿನವನು. ಮೂರನೆಯವನು, ಚಿನ್ನದ ಗುಂಡಿಗಳ ಕೋಟು ತೊಟ್ಟು, ಕೆಳಗೆ ಮನೆಯಿಂದ ಉಟ್ಟು ಬಂದ ಬಿಳಿ ಪಂಚೆಯಲ್ಲಿಯೇ ನಿಂತಿದ್ದ ಬ್ಯಾಂಡ್ ಮಾಸ್ಟರ್ ನಾಗರಾಜ! ಸೊಂಟ ನಲವತ್ತನಾಲ್ಕು.

"ನನ್ನದೆಲ್ಲಪ್ಪಾ?" ಎಂದನು.

"ಬರ್ತೈತೆ," ಎಂದೆ. ಎಲ್ಲಿಂದ ಎಂದು ನನಗೆ ಗೊತ್ತಿರಲಿಲ್ಲ.

"ಏನ್ಲಾ ಬರ್ತೈತೆ? ನಡ್ಕಂಡ್ ಬರ್ತೈತಾ? ಮಾಸ್ಟರಿಗೇ ಪ್ಯಾಂಟ್ ಇಲ್ಲ ಅಂದ್ರೆ ಬ್ಯಾಂಡು ಏನಕ್ಕಪ್ಪಾ ಬಾರಿಸ್ಬೇಕು?"

ಗಿರಿಜಾ ಖಾಲಿ ಗಂಟಿನ ಬಟ್ಟೆಯನ್ನು ಒಮ್ಮೆ ಕೊಡವಿ ನೋಡಿದಳು. ಅವಳ ಮುಖದಲ್ಲಿ ಅರಳಿದ್ದೆಲ್ಲ ಮುದುಡಿಹೋಯಿತು. ಬಾಗಿಲ ಬಳಿ ಟೀ ಲೋಟ ಹಿಡಿದ ಮಾಸ್ಟರರು ಪರಸ್ಪರ ಮೊಣಕೈ ತಿವಿದುಕೊಂಡರು. ನಾನು ಮೂಲೆಗೆ ಹೋಗಿ ಗುಮ್ಮಘಟ್ಟಕ್ಕೆ ಫೋನ್ ಮಾಡಿದೆನು.

"ಮಾವ, ನಲವತ್ನಾಲ್ಕು ಸೈಜಿಗೆ ಏನು ಟೈಪ್ ಮಾಡಿದ್ರಿ?"

"ಲಾಭ," ಎಂದರು ಮಾವನವರು.

"ಏನಂದ್ರಿ?"

"ಲಾಭ ಅಂತ ಹೊಡದೀನ್ರಿ. ಎಲ್, ಎ, ಬಿ, ಎಚ್, ಎ. ಹುಡುಕಿ ಹುಡುಕಿ ಹೊಡದೀನಿ. ಯಾಕ?"

ನಮ್ಮ ಕಡೆ ಹಿರಿಯರು ಕಾಳು ಅಳೆಯುವಾಗ, ಗಂಟು ಎಣಿಸುವಾಗ ಒಂದು ಎಂದು ಬಾಯಿ ಬಿಡುವುದಿಲ್ಲ. ಲಾಭ ಎಂದೇ ಆರಂಭಿಸುತ್ತಾರೆ. ನಮ್ಮ ಮಾವನವರು ಬಟ್ಟೆಯ ಮುಂದೆಯೂ ಈ ಶಿಷ್ಟಾಚಾರವನ್ನು ಬಿಟ್ಟವರಲ್ಲ. ನನ್ನ ವ್ಯಾಲ್ ಆ ಪದವನ್ನು ಎಡದಿಂದ ಓದಿ, ಅರ್ಥವಾಗದೆ, ಅತ್ಯಂತ ಸೌಜನ್ಯದಿಂದ ಸೊನ್ನೆ ಎಂದಿತ್ತು. ಸೊನ್ನೆಯ ಸಾಲನ್ನು ಮುದ್ರಿಸದೆ ನಾನು ಕಾಗದ ಉಳಿಸಿದ್ದೆನು!

"ಇಪ್ಪತ್ತಾರು ಸೈಜಿಗೆ?"

"ಅದೂ ಲಾಭನ. ಆ ಕಡ್ಡಿ ಒಬ್ಬನ ಅಲ್ಲೇನ್ರಿ ಇರಾಂವ."

"ಮೂವತ್ನಾಲ್ಕಕ್ಕೆ?" ಎಂದು ಕೇಳಿದೆನು.

"ಆರು ಮತ್ತೊಂದು. ಆರು ಹೊಡದು, ಕೂಡಿಸೋ ಗುರುತು ಹಾಕಿ, ಒಂದು ಹೊಡದೀನಿ. ಎಣಿಸೋ ಮುಂದ ಏಳು ಅಂತಾರೇನ್ರಿ ಯಾರಾದ್ರೂ? ಕಲಿತೋರಾಗಿ ಹಿಂಗ ಕೇಳತೀರಲ್ಲ!"

ಏಳು ಎಂದರೆ ಎದ್ದು ಹೋಗೆಂದು ಅರ್ಥವಾದೀತೆಂದು ಹಿರಿಯರು ಎಣಿಸುವಾಗ ಆ ಅಂಕಿಯನ್ನೂ ನುಡಿಯುವುದಿಲ್ಲ. ವ್ಯಾಲ್ ಆರನ್ನು ಓದಿತ್ತು. ಕೂಡಿಸುವ ಗುರುತನ್ನು ಕಂಡು ಅಲ್ಲಿಗೇ ನಿಂತಿತ್ತು. ತುತ್ತೂರಿಯವನು ಆ ಗುರುತಿನ ಆಚೆಗಿನ ಒಂದಾಗಿದ್ದನು.

ಎಣಿಕೆಯಲ್ಲಿ ಅಶುಭ ನುಡಿಯಬಾರದೆಂದು ಅವರು ಅಷ್ಟು ಕಷ್ಟಪಟ್ಟಿದ್ದರು. ಯಂತ್ರವು ಹಿರಿಯರಿಗೆ ಎದುರು ಮಾತಾಡಬಾರದೆಂದು ನಾನು ಅಷ್ಟು ಕಷ್ಟಪಟ್ಟಿದ್ದೆನು. ನಮ್ಮಿಬ್ಬರ ನಡುವೆ ಮೂವರು ಮನುಷ್ಯರು ಪ್ಯಾಂಟಿಲ್ಲದೆ ನಿಂತಿದ್ದರು.

"ಏನಾತ್ರಿ?" ಎಂದಳು ಗಿರಿಜಾ. ಹೇಳಿದೆನು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಮತ್ತೆ ತೆರೆದಾಗ ಅವು ನನ್ನ ಮುಖವನ್ನು ನೋಡುತ್ತಿರಲಿಲ್ಲ. ನನ್ನ ಕಾಲುಗಳನ್ನು ನೋಡುತ್ತಿದ್ದವು.

"ನಿಮ್ಮದು ಮೂವತ್ನಾಕು ಸೈಜು ಅಲ್ಲೇನ್ರಿ?"

"ಹೌದು."

"ಬಿಚ್ರಿ."

ಹೀಗೆ ಆ ಸೈಜಿನ ಏಳನೆಯವನಾದ ತುತ್ತೂರಿಯವನಿಗೆ ನನ್ನ ಪ್ಯಾಂಟು ವರ್ಗಾವಣೆಯಾಯಿತು. ಪ್ರತಿಯಾಗಿ ಅವನ ಚೌಕಳಿ ಲುಂಗಿ ನನಗೆ ಸಂದಾಯವಾಯಿತು. ಓಬಳೇಶನನ್ನು ಗಿರಿಜಾ ತಲೆಯಿಂದ ಕಾಲಿನವರೆಗೆ ನೋಡಿ, "ಅಣ್ಣಾ, ಡ್ರಮ್ಮು ಒಂಚೂರು ಕೆಳಗ ಕಟ್ಟಿಕೋರಿ," ಎಂದಳು. ಕಟ್ಟಿಕೊಂಡನು. ಡ್ರಮ್ಮಿನ ಮೇಲೆ ಕೋಟು ಕಾಣಿಸಿತು, ಕೆಳಗೆ ಷೂ ಕಾಣಿಸಿತು. ನಡುವೆ ಪ್ಯಾಂಟಿದೆಯೋ ಇಲ್ಲವೋ ಎಂಬುದು ದೇವರಿಗೆ ಮಾತ್ರ ಗೊತ್ತು.

ಉಳಿದವನು ಮಾಸ್ಟರ್. ಅವನ ಸೊಂಟಕ್ಕೆ ಇಡೀ ಮಂಟಪದಲ್ಲಿ ಪರ್ಯಾಯ ವ್ಯವಸ್ಥೆಯಿರಲಿಲ್ಲ. ಹೊರಗಿನಿಂದ ಗಂಡಿನ ಸೋದರಮಾವ ಬಾಗಿಲು ಬಡಿಯುತ್ತಿದ್ದನು. "ಹೊರಡ್ರಪ್ಪಾ, ಮುಹೂರ್ತ ಮೀರ್ತದೆ!"

ಗಿರಿಜಾ ನಾಗರಾಜನ ಎದುರು ಮಂಡಿಯೂರಿದಳು. ಅವನ ಪಂಚೆಯ ನೆರಿಗೆಗಳನ್ನು ಬಿಚ್ಚಿ, ಬೆರಳಿನಲ್ಲಿ ಒಂದೊಂದನ್ನೂ ಒತ್ತಿ, ಕಚ್ಚೆ ಹಾಕಿಸಿದಳು. ಕತ್ತರಿಸಿ ಉಳಿದಿದ್ದ ಬಂಗಾರದ ಪಟ್ಟಿಯ ತುಂಡು ಅವಳ ಚೀಲದಲ್ಲಿತ್ತು. ಅದನ್ನು ಪಂಚೆಯ ಅಂಚಿನುದ್ದಕ್ಕೂ ಪಿನ್ನು ಚುಚ್ಚಿ ಕೂರಿಸಿದಳು. ಎದ್ದು ನಿಂತು ಹಿಂದಕ್ಕೆ ಸರಿದು ನೋಡಿದಳು.

"ನಾಗರಾಜಣ್ಣ, ತಲಿ ಎತ್ತಿ ನಡೀರಿ. ತಲಿ ತಗ್ಗಿಸಿದ್ರ ಮಂದಿ ಪಂಚೆ ನೋಡತಾರ. ಎತ್ತಿದ್ರ ಮಾಸ್ಟರನ್ನ ನೋಡತಾರ."

"ನಿನ್ನ ಮಾತಿನ್ ಮ್ಯಾಲೆ ಹೋಯ್ತೀನಿ ತಂಗ್ಯಮ್ಮ," ಎಂದನು ನಾಗರಾಜ. ನನ್ನ ಕಡೆ ತಿರುಗಿ, "ನಿನ್ನ ಆಮೇಲೆ ನೋಡ್ಕಂತೀನಿ," ಎಂದನು.

ಮೆರವಣಿಗೆ ಹೊರಟಿತು. ಮುಂದೆ ಕೋಲು ಬೀಸುತ್ತಾ, ಎದೆ ಉಬ್ಬಿಸಿಕೊಂಡು, ಬಿಳಿಯ ಕಚ್ಚೆ ಪಂಚೆಯಲ್ಲಿ ಮಾಸ್ಟರು. ಹಿಂದೆ ಕಡುಗೆಂಪು ಪ್ಯಾಂಟುಗಳ ಸಾಲು. ದೀಪದ ಬೆಳಕಿನಲ್ಲಿ ಬಂಗಾರದ ಪಟ್ಟಿಗಳು ಒಟ್ಟಾಗಿ ಮಿಂಚುತ್ತಿದ್ದವು. ನಾನು ಲುಂಗಿಯಲ್ಲಿ ಒಂದು ಬದಿಗೆ ನಿಂತ ಕೂಡಲೇ ಗಂಡಿನ ಸೋದರಮಾವ ನನ್ನ ರಟ್ಟೆ ಹಿಡಿದನು.

"ಏಯ್, ಸುಮ್ನೆ ನಿಂತ್ಕಂಡು ಏನ್ ನೋಡ್ತೀಯಾ? ಲೈಟ್ ಹಿಡ್ಕಳಯ್ಯಾ!"

ನಾನು ಯಾರೆಂಬುದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ದೀಪದ ಕಂಬ ನನ್ನ ಹೆಗಲೇರಿತ್ತು. ಮಂಟಪದಿಂದ ದೇವಸ್ಥಾನದವರೆಗೆ, ದೇವಸ್ಥಾನದಿಂದ ಮಂಟಪದವರೆಗೆ, ನನ್ನ ಮ್ಯಾಕ್ರೋದ ಫಲಿತಾಂಶಗಳನ್ನು ನಾನೇ ಬೆಳಕು ಹಿಡಿದು ಊರಿಗೆಲ್ಲ ತೋರಿಸಿದೆನು. ದಾರಿಯಲ್ಲಿ ನಮ್ಮೂರಿನ ಪರಿಚಯದವರು ಯಾರೂ ನನ್ನನ್ನು ಗುರುತಿಸಲಿಲ್ಲ. ಇಬ್ಬರನ್ನು ಬಿಟ್ಟು. ಆ ಇಬ್ಬರು ಉಳಿದವರಿಗೆಲ್ಲ ಹೇಳಿದರು!

ಆದರೆ ಆ ಬೆಳಕಿನಲ್ಲಿ ನಾನು ಇನ್ನೊಂದನ್ನೂ ಕಂಡೆನು. ಜಗುಲಿಗಳ ಮೇಲಿನವರು ಬೆರಳು ತೋರಿಸುತ್ತಿದ್ದುದು ಪ್ಯಾಂಟುಗಳ ಸಾಲಿಗೆ ಅಲ್ಲ, ಮಾಸ್ಟರಿಗೆ. "ಮಾಸ್ಟ್ರ ಗತ್ತು ನೋಡ್ರಲಾ! ಎಲ್ರಿಗೂ ಪ್ಯಾಂಟು, ಅವ್ರಿಗೆ ಮಾತ್ರ ಕಚ್ಚೆ!" ಎಂದು ಒಬ್ಬ ಮುದುಕ ಕೈ ತಟ್ಟಿದನು. ನಾಗರಾಜನ ಕೋಲು ಇನ್ನೂ ಎತ್ತರಕ್ಕೆ ಹಾರಿತು. ಗಿರಿಜಾ ಮಂಟಪದ ಮೆಟ್ಟಿಲ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಳುತ್ತಿದ್ದಾಳೆಂದು ತಿಳಿದು ಹತ್ತಿರ ಹೋದೆನು. ನಗುತ್ತಿದ್ದಳು. ಮಾಸ್ಟರನನ್ನು ನೋಡಿಯಲ್ಲ, ದೀಪದ ಕಂಬದ ಕೆಳಗಿದ್ದ ನನ್ನನ್ನು ನೋಡಿ.

ಊಟದ ಹೊತ್ತಿಗೆ ಮಡಕಶಿರಾಕ್ಕೆ ಹತ್ತಿರದ ರತ್ನಗಿರಿ ಕಡೆಯ ಬ್ಯಾಂಡ್ ಮಾಸ್ಟರರೊಬ್ಬರು ಅವಳನ್ನು ಹುಡುಕಿಕೊಂಡು ಬಂದು, ಒಬ್ಬ ಹುಡುಗನ ಪ್ಯಾಂಟಿನ ಲೇಬಲ್ ತಿರುವಿ ಓದಿ, ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡಿ ಹೇಳಿದರು: "ನಮ್ ಸೆಟ್ಟಿಗೂ ಹೊಲ್ಕೊಡಮ್ಮ. ಹಿಂಗೇ ಇರ್ಬೇಕು. ನನಗೆ ಮಾತ್ರ ಪ್ಯಾಂಟ್ ಬ್ಯಾಡ, ಪಟ್ಟಿ ಇಟ್ಟು ಪಂಚೆ ಮಾಡ್ಕೊಡು." ಅವರ ಹಿಂದೆ ಇನ್ನೊಬ್ಬರು ನಿಂತಿದ್ದರು.

ನಾವು ಊರಿಗೆ ಮರಳಿ ನಾಗರಾಜನ ನಲವತ್ತನಾಲ್ಕರ ಪ್ಯಾಂಟನ್ನು ಹೊಲಿದು ಕಳಿಸಿದೆವು. ಅವನು ಅದನ್ನು ಹಾಗೆಯೇ ಹಿಂದಿರುಗಿಸಿದನು. "ಈಗ ಪ್ಯಾಂಟ್ ಇಕ್ಕಂಡ್ರೆ ನನ್ ಬೆಲೆ ಏನಪ್ಪಾ ಉಳೀತದೆ?" ಎಂದನು.

ಸದ್ಯ ರಾಯದುರ್ಗ ಮತ್ತು ಮಡಕಶಿರಾಗಳ ನಡುವಿನ ಬ್ಯಾಂಡ್ ಸೆಟ್ಟುಗಳಲ್ಲಿ ಮಾಸ್ಟರರು ಕಚ್ಚೆ ಪಂಚೆಯಲ್ಲಿ ನಡೆಯುವ ಪದ್ಧತಿಯು ರೂಢಿಗೆ ಬರುತ್ತಿದೆ. ಸದರಿ ಪದ್ಧತಿಯ ಮೂಲ ಕರ್ತೃ ನಾನೇ ಎಂಬುದನ್ನು ಹೆಮ್ಮೆಯಿಂದ ದಾಖಲಿಸುತ್ತೇನೆ. ಗಿರಿಜಾ ಇದನ್ನು ಒಪ್ಪುವುದಿಲ್ಲ. ಆದರೆ ಶೆಡ್ಡಿಗೆ ಹೊಸ ಯಂತ್ರ ಬಂದಿದೆ, ಜಾಬ್ ವರ್ಕಿನ ಗಂಟುಗಳು ಕಡಿಮೆಯಾಗಿವೆ. ಬಿಳಿ ಪಟ್ಟಿಯ ಕೆಂಪು ಅಕ್ಷರಗಳ ಲೇಬಲ್ಲುಗಳು ಡಬ್ಬಿಯಲ್ಲಿ ನಿಲ್ಲುವುದಿಲ್ಲ.

ಮ್ಯಾಕ್ರೋವನ್ನೂ ನಾನು ಕೈಬಿಟ್ಟಿಲ್ಲ. ಟೈಪ್ ಮಾಡಿದ್ದನ್ನು ಹಾಗೆಯೇ ನಂಬಬಾರದು, ಗದರಿಸಲೂಬಾರದು. ಟೈಪ್ ಮಾಡಿದವರು ಯಾರ ಮನೆಯವರೆಂದು ತಿಳಿದು ಅರ್ಥ ಮಾಡಿಕೊಳ್ಳಬೇಕು ಎಂಬ ತತ್ತ್ವದ ಮೇಲೆ ಅದನ್ನು ಹೊಸದಾಗಿ ರಚಿಸಿದ್ದೇನೆ. ಈಗ ಲಾಭ ಎಂದರೆ ಒಂದೆಂದು ಅದಕ್ಕೆ ಗೊತ್ತು. ಆರು ಮತ್ತೊಂದು ಎಂದರೆ ಎಷ್ಟೆಂದು ಗೊತ್ತು. ಆಮ್ಯಾಲ ಹೇಳತೀನಿ ಎಂದರೆ ಸುಮ್ಮನೆ ಕಾಯುತ್ತದೆ. ಇಂತಹ ಸಂಸ್ಕಾರವಂತ ಮ್ಯಾಕ್ರೋ ಭೂಮಂಡಲದಲ್ಲಿ ಇನ್ನೊಂದಿರಲಿಕ್ಕಿಲ್ಲ!

ರತ್ನಗಿರಿಯ ಆರ್ಡರಿನ ದಿನ ಅದನ್ನು ಉದ್ಘಾಟಿಸಲು ನಾನು ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಬಂದು ಕಂಪ್ಯೂಟರ್ ಆನ್ ಮಾಡಿದೆನು. ಅದು ಎಚ್ಚರಗೊಳ್ಳಲು ತುಸು ಸಮಯ ತೆಗೆದುಕೊಳ್ಳುತ್ತದೆ. ಪೆಟ್ಟಿಗೆ ತೆರೆದು "ಮಾನ್ಯರೇ" ಎನ್ನುವಷ್ಟರಲ್ಲಿ ಶೆಡ್ಡಿನಿಂದ ಮಾವನವರ ಕೂಗೂ, ಗಿರಿಜಾಳ ಕತ್ತರಿಯ ಸದ್ದೂ ನಿಂತಿದ್ದವು.

"ಮುಗೀತೇನು?" ಎಂದೆ.

"ಮುಗೀತ್ರಿ," ಎಂದಳು ಗಿರಿಜಾ. ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಒಂದು ಸ್ಟೂಲನ್ನು ಸೆರಗಿನಿಂದ ಒರೆಸಿ ನನ್ನತ್ತ ಸರಿಸಿದಳು. "ಕೂಡ್ರಿ. ಏನೇನು ಕತ್ತರಿಸೀವಿ ಹೇಳತೀನಿ. ನಿಮ್ಮ ಪೆಟಿಗ್ಯಾಗ ಹೊಡಕೋರಿ."

ಅಂದಿನಿಂದ ಅದೇ ಪದ್ಧತಿ ಜಾರಿಯಲ್ಲಿದೆ. ಅವರು ಕತ್ತರಿಸಿ ಮುಗಿಸಿದ ಮೇಲೆ, ಕತ್ತರಿಸಲು ಅನುಮತಿ ನೀಡುವ ಚೀಟಿಯನ್ನು ನಾನು ಮುದ್ರಿಸಿ, ಸಹಿ ಮಾಡಿ, ಕಡತಕ್ಕೆ ಸೇರಿಸುತ್ತೇನೆ. ಆ ತರುವಾಯ ನನ್ನ ಮ್ಯಾಕ್ರೋದಲ್ಲಿ ಒಂದೇ ಒಂದು ತಪ್ಪೂ ಕಂಡುಬಂದಿರುವುದಿಲ್ಲ!